ರಾಜಿ ಬೇರೆ, ಸಮಾಧಾನ ಬೇರೆ

(ಚಿಕ್ಕೋಡಿಯಲ್ಲಿ ನಡೆದ ಯುವಜನರ ಕೂಟದ ಸಂದೇಶ, ಬರಹರೂಪದಲ್ಲಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದಲೂ ಯುವಕ ಯುವತಿಯರು ಬಂದಿದ್ದರು.)

ವಾಕ್ಯಭಾಗ: ಆದಿಕಾಂಡ 4:8-10, ಮತ್ತಾಯ 5:23-24, ಲೂಕ 19:1-10

  

ಪ್ರಿಯರೇ, ಇವತ್ತಿನ ವಿಷಯ ನಾನು ಆರಿಸಿಕೊಂಡದ್ದಲ್ಲ. ನಿಪ್ಪಾಣಿ ಕಡೆಯ ನಮ್ಮ ಒಬ್ಬ ತಂಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಎರಡು ತಿಂಗಳ ಹಿಂದೆ ಅವಳಿಂದ ನನಗೆ ಒಂದು ವಾಯ್ಸ್ ಮೆಸೇಜ್ ಬಂತು. ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಅವಳನ್ನು ಕೇಳಿದರಂತೆ. ಅವಳು ನನ್ನನ್ನು ಕೇಳಿದಳು: "ಪಾಸ್ಟರ್ರ, ರುವಾಂಡದಾಗ ಹತ್ತು ಮಂದ್ಯಾಗ ಒಂಬತ್ತು ಮಂದಿ ಕ್ರೈಸ್ತರಿದ್ರಂತ. ಅಲ್ಲೇ ಲಕ್ಷಗಟ್ಲೆ ಜನರನ್ನ ಕೊಂದ್ರು. ಹಂಗಾದ್ರ ಸುವಾರ್ತೆ ಅಲ್ಲಿ ಏನ್ ಮಾಡ್ತು? ಆಮ್ಯಾಲೆ ಅದೇ ಸಭೆಯವರು ಕ್ಷಮೆ, ಸಮಾಧಾನ ಅಂತ ಕಲಿಸಿದ್ರಂತ. ಅದನ್ನ ನಂಬಬೇಕೋ ಬ್ಯಾಡೋ?"

ನಾನು ಎರಡು ವಾರ ಉತ್ತರ ಕೊಡಲಿಲ್ಲ. ಗೊತ್ತಿಲ್ಲ ಅಂತಲ್ಲ. ಆ ಪ್ರಶ್ನೆ ರುವಾಂಡದ್ದಾಗಿ ಶುರುವಾಗಿ ನನ್ನ ಮನೆ ಬಾಗಿಲಿಗೇ ಬಂದು ನಿಂತಿತ್ತು. ಯಾಕೆ ಅಂತ ಕೊನೆಗೆ ಹೇಳ್ತೀನಿ. ಮೊದಲು ವಾಕ್ಯಕ್ಕೆ ಹೋಗೋಣ.

ಆದಿಕಾಂಡ 4ನೇ ಅಧ್ಯಾಯ. ಬೈಬಲ್‌ನಲ್ಲಿ ಮೊದಲನೆಯ ಕೊಲೆ ಎಲ್ಲಿ ಆಯಿತು? ಹೊಲದಲ್ಲಿ. ಯಾರ ನಡುವೆ ಆಯಿತು? ಅಣ್ಣತಮ್ಮಂದಿರ ನಡುವೆ. ಯಾವಾಗ? ಇಬ್ಬರೂ ದೇವರಿಗೆ ಕಾಣಿಕೆ ಕೊಟ್ಟ ಮೇಲೆ. ಇದನ್ನು ಗಮನಿಸ್ರಿ. ಕಾಯಿನ ದೇವರನ್ನು ಅರಿಯದವನಲ್ಲ. ಆರಾಧನೆ ಮುಗಿಸಿಕೊಂಡು ಬಂದವನೇ ತಮ್ಮನ ಮೇಲೆ ಕೈ ಎತ್ತಿದ. ಆಮೇಲೆ ದೇವರು ಅವನಿಗೆ ಕೇಳಿದ ಮೊದಲ ಪ್ರಶ್ನೆ, ನಿನ್ನ ತಮ್ಮ ಎಲ್ಲಿ ಅಂತ. ಮಣ್ಣಿನಿಂದ ಆ ರಕ್ತ ನನ್ನನ್ನು ಕೂಗುತ್ತಿದೆ ಅಂತ ದೇವರು ಹೇಳಿದ. ಅಂದರೆ ಸತ್ತವನ ಪರವಾಗಿ ಮಾತಾಡುವವರು ಯಾರೂ ಇಲ್ಲದಾಗಲೂ ದೇವರ ಕಿವಿಗೆ ಒಂದು ದನಿ ಕೇಳ್ತಾ ಇರುತ್ತದೆ.

ಈಗ ರುವಾಂಡಕ್ಕೆ ಬರೋಣ.

ಅದು ಆಫ್ರಿಕಾದ ನಡುಭಾಗದ ಸಣ್ಣ ದೇಶ. ನಮ್ಮ ಬೆಳಗಾವಿ ಜಿಲ್ಲೆಯಂಥ ಎರಡು ಜಿಲ್ಲೆ ಕೂಡಿಸಿದರೆ ಸುಮಾರು ಅಷ್ಟೇ ಆಗುತ್ತದೆ. ಗುಡ್ಡದ ಸೀಮೆ, ಒಕ್ಕಲುತನದ ಜನ. ಹೆಚ್ಚಿನವರು ಹುಟುಗಳು, ಕಡಿಮೆ ಸಂಖ್ಯೆಯಲ್ಲಿ ಟುಟ್ಸಿಗಳು, ಇನ್ನೂ ಕಡಿಮೆ ಟ್ವಾ ಜನ. ಭಾಷೆ ಒಂದೇ, ಊರು ಒಂದೇ, ಪ್ರಾರ್ಥನೆಗೆ ಕೂಡುವ ಜಾಗವೂ ಬಹುತೇಕ ಒಂದೇ. 1930ರ ದಶಕದಲ್ಲಿ ಬೆಲ್ಜಿಯಂ ಆಳ್ವಿಕೆಯವರು ಪ್ರತಿಯೊಬ್ಬರ ಗುರುತಿನ ಚೀಟಿಯ ಮೇಲೆ ನೀನು ಹುಟು, ನೀನು ಟುಟ್ಸಿ ಅಂತ ಬರೆಸಿದರು. ಮಿಷನ್ ಶಾಲೆಗಳೂ ಆ ಭೇದವನ್ನು ಬೆಳೆಸಿದವು. ಮೊದಲು ಟುಟ್ಸಿಗಳನ್ನು ಮೇಲೆತ್ತಿದರು, ಗಾಳಿ ಬದಲಾದಾಗ ಹುಟುಗಳ ಕಡೆ ವಾಲಿದರು. ಹಿಂಸೆ ಬರುವುದಕ್ಕೆ ಅರವತ್ತು ವರ್ಷ ಮೊದಲೇ ಆ ಚೀಟಿ ಜೇಬಿಗೆ ಬಂದಿತ್ತು.

1994ರ ಏಪ್ರಿಲ್ 6ರ ರಾತ್ರಿ ಅಲ್ಲಿನ ರಾಷ್ಟ್ರಾಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಿದರು. ಅಲ್ಲಿಂದ ಸುಮಾರು 100 ದಿನ. ವಿಶ್ವಸಂಸ್ಥೆಯ ಅಂದಾಜಿನಲ್ಲಿ 8 ಲಕ್ಷ ಜನ ಸತ್ತರು. ಅಲ್ಲಿನ ಸರ್ಕಾರ 10 ಲಕ್ಷಕ್ಕೂ ಹೆಚ್ಚು ಅನ್ನುತ್ತದೆ. ಹೆಚ್ಚಿನವರು ಟುಟ್ಸಿಗಳು. ಕೊಲ್ಲುವುದಕ್ಕೆ ಒಪ್ಪದ ಹುಟುಗಳೂ ಸತ್ತರು. ರೇಡಿಯೋದಲ್ಲಿ ಟುಟ್ಸಿಗಳನ್ನು ಜಿರಳೆಗಳು ಅಂತ ಕರೆದು ಹುರಿದುಂಬಿಸಿದರು. ಕೊಂದವರು ಎಲ್ಲಿಂದಲೋ ಬಂದ ಸೈನ್ಯ ಮಾತ್ರ ಅಲ್ಲ. ಪಕ್ಕದ ಮನೆಯವರು, ಶಾಲಾ ಮಾಸ್ತರರು, ಒಂದೇ ಕ್ವಾಯರ್‌ನಲ್ಲಿ ಹಾಡಿದವರು.

ಹಿಂದಿನ ಗಲಭೆಗಳಲ್ಲಿ ಚರ್ಚಿನೊಳಗೆ ಹೋದವರಿಗೆ ರಕ್ಷಣೆ ಸಿಕ್ಕಿತ್ತು. ಅದೇ ನಂಬಿಕೆಯಿಂದ ಜನ ಈ ಸಾರಿಯೂ ಚರ್ಚುಗಳಿಗೆ ಓಡಿದರು. ಈ ಸಾರಿ ಒಳಗೇ ಕೊಂದರು. ನ್ಯಾಮಾಟ, ನ್ಟರಾಮ ಎಂಬ ಊರುಗಳ ಚರ್ಚುಗಳು ಇವತ್ತು ಸ್ಮಾರಕಗಳು. ನ್ಯಾಮಾಟದಲ್ಲಿ ಆರಾಧನೆಗೆ ಕೂಡುತ್ತಿದ್ದ ಬೆಂಚುಗಳ ಮೇಲೆ ಸತ್ತವರ ಬಟ್ಟೆಗಳನ್ನು ರಾಶಿ ಹಾಕಿ ಇಟ್ಟಿದ್ದಾರೆ. ನ್ಯಾಂಗೆ ಅನ್ನೋ ಊರಿನಲ್ಲಿ ಕನಿಷ್ಠ 1,500 ಜನ ಚರ್ಚಿನೊಳಗಿದ್ದರು. ಬುಲ್ಡೋಜರ್ ತಂದು ಆ ಕಟ್ಟಡವನ್ನೇ ಅವರ ಮೇಲೆ ಉರುಳಿಸಿದರು. ಅಲ್ಲಿನ ಪಾದ್ರಿ ಅಥನಾಸ್ ಸೆರೊಂಬಾ ಅದರಲ್ಲಿ ಪಾಲುಗಾರ ಅಂತ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಸಾಬೀತಾಗಿ 2008ರಲ್ಲಿ ಜೀವಾವಧಿ ಶಿಕ್ಷೆ ಆಯಿತು.

ಅದು ಕ್ಯಾಥೊಲಿಕ್ ಚರ್ಚು, ನಾವು ಬೇರೆ ಅಂತ ಯಾರಾದರೂ ಅಂದುಕೊಂಡಿದ್ದರೆ ನಿಲ್ಲಿಸ್ರಿ. ಮುಗೊನೆರೊದಲ್ಲಿ ಅಡ್ವೆಂಟಿಸ್ಟ್ ಸಭೆಯ ಅಧ್ಯಕ್ಷ ಪಾಸ್ಟರ್ ಎಲಿಜಾಫಾನ್ ನ್ಟಾಕಿರುಟಿಮಾನ ಇದ್ದರು. ಅವರ ಕೈಕೆಳಗಿನ ಟುಟ್ಸಿ ಪಾಸ್ಟರ್‌ಗಳು ಅವರಿಗೆ ಒಂದು ಚೀಟಿ ಕಳಿಸಿದರು, ನಾಳೆ ನಮ್ಮನ್ನೂ ನಮ್ಮ ಮಕ್ಕಳನ್ನೂ ಕೊಲ್ಲುತ್ತಾರೆ, ಏನಾದರೂ ಮಾಡ್ರಿ ಅಂತ. ಸಹಾಯ ಬರಲಿಲ್ಲ. 2003ರಲ್ಲಿ ಅದೇ ನ್ಯಾಯಮಂಡಳಿ ಆ ಪಾಸ್ಟರ್‌ಗೆ 10 ವರ್ಷ ಶಿಕ್ಷೆ ಕೊಟ್ಟಿತು. ನಮ್ಮ ಹಾಗೆ ಕೈ ಎತ್ತಿ ಸ್ತುತಿಸುವವರೂ ಪೂರ್ತಿ ಹೊರಗೆ ನಿಲ್ಲಲಿಲ್ಲ. ಯಾವ ಹೆಸರಿನ ಸಭೆಯೂ ಅಲ್ಲಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಹಾಗಾದರೆ ಸುವಾರ್ತೆ ಅಲ್ಲಿ ಇರಲೇ ಇಲ್ಲವಾ? ಇತ್ತು. ಫೆಲಿಸಿಟೆ ನಿಯಿಟೆಗೆಕ ಅನ್ನೋ ಹುಟು ಸಹೋದರಿ ಗಿಸೆನಿ ಊರಿನಲ್ಲಿ ಪ್ರಾರ್ಥನಾ ಮನೆಯೊಂದನ್ನು ನಡೆಸುತ್ತಿದ್ದಳು. ಟುಟ್ಸಿಗಳನ್ನು ಬಚ್ಚಿಟ್ಟುಕೊಂಡಳು, ರಾತ್ರೋರಾತ್ರಿ ಗಡಿ ದಾಟಿಸಿದಳು. ಅವಳ ಸ್ವಂತ ಅಣ್ಣ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ನೀನು ಹೊರಟು ಬಾ, ಉಳೀತೀಯ ಅಂತ ಹೇಳಿ ಕಳಿಸಿದ. ಇವರನ್ನು ಬಿಟ್ಟು ಬರೋದಿಲ್ಲ ಅಂದಳು. ಅವರ ಜೊತೆಯೇ ಸತ್ತಳು. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆ ದೇಶದಲ್ಲಿ ಸಣ್ಣ ಸಂಖ್ಯೆಯಲ್ಲಿದ್ದ ಮುಸ್ಲಿಮರಲ್ಲಿ ಅನೇಕರು ತಮ್ಮ ಮನೆಗಳಲ್ಲಿ ಟುಟ್ಸಿಗಳನ್ನು ಅಡಗಿಸಿ ಉಳಿಸಿದರು. ಲೂಕ 10ರ ಸಮಾರ್ಯದವನ ಕಥೆ ನಾವು ಸಂಡೇ ಸ್ಕೂಲಿನಲ್ಲಿ ಕಲೀತೀವಿ. ಅಲ್ಲಿ ಯಾಜಕ ದಾಟಿ ಹೋದ, ಹೊರಗಿನವನು ನಿಂತ. ಅಲ್ಲವಾ?

ಈಗ ನಿಮ್ಮ ವಯಸ್ಸಿನವರ ಕಥೆ. ಅದೇ ನ್ಯಾಂಗೆ ಊರು, ಚರ್ಚು ಉರುಳಿಸಿದ ಊರು. ಮೂರು ವರ್ಷದ ಮೇಲೆ, 1997ರ ಮಾರ್ಚ್ 18ರ ರಾತ್ರಿ, ಅಲ್ಲಿನ ಸೆಕೆಂಡರಿ ಶಾಲೆಯ ಮಕ್ಕಳು ಓದ್ತಾ ಕುಳಿತಿದ್ದರು. ಬಂದೂಕು ಹಿಡಿದವರು ಒಳಗೆ ಬಂದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಅಂದರು. ಮಕ್ಕಳು ಬೇರೆಯಾಗಲಿಲ್ಲ. ನಾವೆಲ್ಲ ರುವಾಂಡದವರು ಅಂದರು. ಗುಂಡು ಹಾರಿತು, ಬಾಂಬು ಎಸೆದರು, ಆ ರಾತ್ರಿ ಆರು ಮಕ್ಕಳು ಸತ್ತರು. ಆ ದೇಶ ಅವರನ್ನು ಇವತ್ತು ವೀರರ ಪಟ್ಟಿಯಲ್ಲಿ ಇಟ್ಟಿದೆ. ಪಾದ್ರಿ ಕಲಿಯದೇ ಹೋದ ಪಾಠವನ್ನು ಅದೇ ಊರಿನಲ್ಲಿ ಮಕ್ಕಳು ರಕ್ತ ಕೊಟ್ಟು ಕಲಿಸಿದರು. ಆಮೆನ್ ಹೇಳ್ರಿ.

ಇನ್ನು ತಂಗಿಯ ಎರಡನೇ ಪ್ರಶ್ನೆ. ಆಮೇಲೆ ಸಭೆ ಏನು ಮಾಡಿತು, ಅದನ್ನು ನಂಬಬೇಕಾ?

ಹಿಂಸೆ ನಿಂತ ಮೇಲಿನ ವರ್ಷಗಳಲ್ಲಿ ಜೈಲುಗಳಲ್ಲಿ ಸುಮಾರು 1 ಲಕ್ಷದ 20 ಸಾವಿರ ಜನ ತುಂಬಿದ್ದರು. ನ್ಯಾಯಾಧೀಶರೇ ಹೆಚ್ಚಿನವರು ಸತ್ತಿದ್ದರು, ಇಲ್ಲಾ ಓಡಿಹೋಗಿದ್ದರು. ಮಾಮೂಲಿ ಕೋರ್ಟಿನಲ್ಲಿ ವಿಚಾರಣೆ ಮಾಡಿದರೆ ನೂರು ವರ್ಷವೂ ಸಾಲದು. ಅದಕ್ಕೆ ತಮ್ಮ ಹಳೇ ಊರ ಪಂಚಾಯಿತಿ ಪದ್ಧತಿಯನ್ನು ತೆಗೆದುಕೊಂಡು, ಗಚಾಚಾ ಅನ್ನೋ ಹೆಸರಿನಲ್ಲಿ ಸುಮಾರು 12,000 ಊರ ನ್ಯಾಯಾಲಯಗಳನ್ನು ಮಾಡಿದರು. ಹುಲ್ಲಿನ ಮೇಲೆ ಕೂತು ಊರವರೇ ನ್ಯಾಯ ಕೇಳುವುದು. 2002ರಲ್ಲಿ ಶುರುವಾಗಿ 2012ಕ್ಕೆ ಮುಗಿಯಿತು. ಸುಮಾರು 19 ಲಕ್ಷ ಪ್ರಕರಣಗಳು. ಸತ್ಯ ಒಪ್ಪಿಕೊಂಡವನಿಗೆ, ಶವ ಎಲ್ಲಿ ಹೂತಿದ್ದೀನಿ ಅಂತ ತೋರಿಸಿದವನಿಗೆ ಶಿಕ್ಷೆ ಕಡಿಮೆ. ಅದರಲ್ಲಿ ತಪ್ಪುಗಳೂ ಆದವು. ಹಳೇ ಜಗಳಕ್ಕೆ ಸುಳ್ಳು ದೂರು ಕೊಟ್ಟವರಿದ್ದರು, ಸಾಕ್ಷಿಗಳನ್ನು ಹೆದರಿಸಿದವರಿದ್ದರು. ಗೆದ್ದು ಅಧಿಕಾರಕ್ಕೆ ಬಂದ ಸೈನ್ಯ ಮಾಡಿದ ಕೊಲೆಗಳು ಗಚಾಚಾದ ಮುಂದೆ ಬರಲೇ ಇಲ್ಲ. ಆದರೂ ಎಷ್ಟೋ ತಾಯಂದಿರಿಗೆ ತಮ್ಮ ಮಕ್ಕಳ ಎಲುಬು ಎಲ್ಲಿವೆ ಅಂತ ಮೊದಲ ಸಾರಿ ಗೊತ್ತಾದದ್ದು ಅಲ್ಲೇ.

ಈ ಕೆಲಸದಲ್ಲಿ ಸಭೆಗಳು ಸೇರಿದವು. ಹೇಗೆ ಸೇರಿದವು ಅನ್ನೋದೇ ನಮಗೆ ಮುಖ್ಯ. ಕೆಲವರು ಮೊದಲು ತಾವೇ ಕಟಕಟೆಯಲ್ಲಿ ನಿಂತರು. 1996ರಲ್ಲಿ ಪ್ರೆಸ್ಬಿಟೇರಿಯನ್ ಸಭೆ ತನ್ನ ತಪ್ಪನ್ನು ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಜರ್ಮನಿಯ ಡೆಟ್ಮೋಲ್ಡ್ ಊರಿನಲ್ಲಿ ಹುಟು, ಟುಟ್ಸಿ ಮತ್ತು ಯುರೋಪಿನ ಕ್ರೈಸ್ತರು ಕೂಡಿ, ಒಬ್ಬರು ಇನ್ನೊಬ್ಬರ ಪಾಪವನ್ನು ಹೇಳದೆ, ಪ್ರತಿ ಗುಂಪೂ ತನ್ನ ತಪ್ಪನ್ನು ತಾನೇ ಹೇಳಿಕೊಂಡಿತು. ಕ್ಯಾಥೊಲಿಕ್ ಬಿಷಪ್‌ಗಳು ಒಟ್ಟಾಗಿ ಕ್ಷಮೆ ಕೇಳಿದ್ದು 2016ರಲ್ಲಿ. ಪೋಪ್ ಫ್ರಾನ್ಸಿಸ್ ಕೇಳಿದ್ದು 2017ರಲ್ಲಿ. ಬಿಷಪ್‌ಗಳ ಆ ಮಾತಿಗೆ 22 ವರ್ಷ ಬೇಕಾಯಿತು.

ಪ್ರಿಸನ್ ಫೆಲೋಶಿಪ್‌ನವರು ಜೈಲಿನೊಳಗೆ ಹೋಗಿ ಕೊಂದವರ ಜೊತೆ ಕುಳಿತರು. ಅವರನ್ನು ನಡೆಸಿದ ಬಿಷಪ್ ಡಿಯೋ ಗಶಗಾಜ ಅವರಿಗೂ ಆ ನೂರು ದಿನಗಳಲ್ಲಿ ತಮ್ಮವರು ಹೋಗಿದ್ದರು. ಒಪ್ಪಿಕೊಂಡು ಬಿಡುಗಡೆಯಾದವರು ಬದುಕಿ ಉಳಿದವರಿಗೆ ಮನೆ ಕಟ್ಟಿದರು, ಇಟ್ಟಿಗೆ ಹೊತ್ತರು. ಬುಗೆಸೆರಾ ಸೀಮೆಯ ಎಂಬ್ಯೋ ಹಳ್ಳಿಯಲ್ಲಿ ಇವತ್ತಿಗೂ ಕೊಂದವರು ಮತ್ತು ಉಳಿದವರು ಅಕ್ಕಪಕ್ಕದಲ್ಲಿ ಬದುಕ್ತಾರೆ. ಅಂಥ ಹಳ್ಳಿಗಳು ಹಲವು ಆದವು. ಇದು ದೇವರ ಕೃಪೆ ಅಂತ ನಾನು ನಂಬ್ತೀನಿ. ಆದರೆ ಎಲ್ಲ ಕಡೆ ಹೀಗೇ ಆಗಲಿಲ್ಲ. ಸಭೆ ಹೇಳಿತು, ಸರ್ಕಾರ ಹೇಳಿತು ಅಂತ ಬಾಯಿಂದ ಕ್ಷಮಿಸಿ ರಾತ್ರಿ ನಿದ್ದೆ ಇಲ್ಲದೆ ಹೊರಳಿದ ವಿಧವೆಯರೂ ಅಲ್ಲಿ ಇದ್ದಾರೆ. ಎರಡನ್ನೂ ಒಟ್ಟಿಗೆ ನೋಡಿದವನಿಗೆ ಮಾತ್ರ ಸತ್ಯ ಗೊತ್ತಾಗುತ್ತೆ.

ಈಗ ನಮ್ಮದೇ ಪೆಂತೆಕೋಸ್ತ್ ಮನೆತನದ ಕಥೆಗೆ ಬರ್ತೀನಿ. ದಕ್ಷಿಣ ಆಫ್ರಿಕಾ.

1905ರಲ್ಲಿ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ, ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್‌ನಲ್ಲಿ ಉಜ್ಜೀವನ ಬಂತು. ಮರುವರ್ಷ ಅಮೆರಿಕದ ಅಜೂಸಾ ಬೀದಿಯಲ್ಲಿ ಬಂತು. ಅಲ್ಲಿಂದ 1908ರಲ್ಲಿ ಆ ಬೆಂಕಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಅಪೋಸ್ಟಾಲಿಕ್ ಫೇತ್ ಮಿಷನ್ ಎಂಬ ಸಭೆ ಹುಟ್ಟಿತು. ಮೊದಲ ಕೂಟಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಮೊಣಕಾಲೂರಿದರು. ಆದರೆ ಬಹಳ ಬೇಗ ದೀಕ್ಷಾಸ್ನಾನದ ನೀರೇ ಬೇರೆ ಬೇರೆ ಆಯಿತು. ಪವಿತ್ರಾತ್ಮನು ಒಬ್ಬನೇ, ಸಭೆ ಮಾತ್ರ ಬಣ್ಣಕ್ಕೊಂದು.

ಆ ಸಭೆಯ ಕರಿಯರ ಶಾಖೆಯಲ್ಲಿ ಫ್ರಾಂಕ್ ಚಿಕಾನೆ ಎಂಬ ಯುವ ಪಾಸ್ಟರ್ ಇದ್ದರು. ವರ್ಣಭೇದದ ವಿರುದ್ಧ ಮಾತಾಡಿದರು ಅಂತ 1970ರ ದಶಕದಲ್ಲಿ ಪೊಲೀಸರು ಹಿಡಿದು ಚಿತ್ರಹಿಂಸೆ ಕೊಟ್ಟರು. ಹಿಂಸೆಯ ಉಸ್ತುವಾರಿಗೆ ನಿಂತವನು ಯಾರು ಗೊತ್ತಾ? ಅದೇ ಸಭೆಯ ಬಿಳಿಯರ ಶಾಖೆಯಲ್ಲಿ ಸೇವೆಯ ಹುದ್ದೆಯಲ್ಲಿದ್ದ ಒಬ್ಬ ಮನುಷ್ಯ. ಇವರೂ ಸ್ತೋತ್ರ ಹೇಳುವವರು, ಅವನೂ ಸ್ತೋತ್ರ ಹೇಳುವವನು. ಸಭೆಯವರು ಏನು ಮಾಡಿದರು? 1981ರಲ್ಲಿ ರಾಜಕೀಯ ಮಾಡ್ತಾನೆ ಅಂತ ಹೊಡೆಸಿಕೊಂಡವನನ್ನೇ ಸೇವೆಯಿಂದ ನಿಲ್ಲಿಸಿದರು. 1989ರಲ್ಲಿ ಪೊಲೀಸರ ಕಡೆಯವರು ಅವರ ಬಟ್ಟೆಗೆ ವಿಷ ಹಚ್ಚಿದರು. ಸಾಯುವ ಹಂತಕ್ಕೆ ಹೋಗಿ ಉಳಿದರು.

ವರ್ಣಭೇದ ಹೋದ ಮೇಲೆ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಂಧಾನ ಆಯೋಗ 1996ರಲ್ಲಿ ವಿಚಾರಣೆ ಶುರು ಮಾಡಿತು. ಸುಮಾರು 21,000 ಜನ ತಮ್ಮ ನೋವನ್ನು ಹೇಳಿಕೆಯಾಗಿ ಕೊಟ್ಟರು. ಅದೇ ವರ್ಷ ಅಪೋಸ್ಟಾಲಿಕ್ ಫೇತ್ ಮಿಷನ್‌ನ ಬಿಳಿಯ ಕರಿಯ ಶಾಖೆಗಳು ಒಂದಾದವು. ಬಿಳಿಯರ ನಾಯಕ ಇಸಾಕ್ ಬರ್ಗರ್ ಎಲ್ಲರ ಮುಂದೆ ಕ್ಷಮೆ ಕೇಳಿದರು. ಹತ್ತು ವರ್ಷದ ಮೇಲೆ, 2006ರಲ್ಲಿ, ಆ ಕಾಲದ ಪೊಲೀಸ್ ಮಂತ್ರಿ ಏಡ್ರಿಯಾನ್ ಫ್ಲೋಕ್ ಚಿಕಾನೆಯವರ ಆಫೀಸಿಗೆ ತಾನೇ ಹೋಗಿ, ತಪ್ಪು ಒಪ್ಪಿಕೊಂಡು, ಬೋಗುಣಿಯಲ್ಲಿ ನೀರಿಟ್ಟು ಅವರ ಕಾಲು ತೊಳೆದರು. ನಾವು ಕೇಳುವ ಸಾಕ್ಷಿಗಳು ಸಾಮಾನ್ಯವಾಗಿ ಇಲ್ಲಿಗೆ ಮುಗೀತಾವೆ. ಹಲ್ಲೆಲೂಯ ಹೇಳಿ ಮನೆಗೆ ಹೋಗ್ತೀವಿ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ ಫ್ಲೋಕ್ ಕೋರ್ಟಿನಲ್ಲಿ ನಿಂತು ಆ ವಿಷದ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. 10 ವರ್ಷದ ಶಿಕ್ಷೆ ಆಯಿತು, ಅದನ್ನು ಅಮಾನತಿನಲ್ಲಿಟ್ಟರು. ಕಾಲು ತೊಳೆದದ್ದು ಕೋರ್ಟಿನಿಂದ ತಪ್ಪಿಸಿಕೊಳ್ಳುವ ದಾರಿ ಆಗಲಿಲ್ಲ. ಆದರೂ ಆ ದೇಶದಲ್ಲಿ ಬಾಕಿ ಬಹಳ ಉಳಿಯಿತು. ಆಯೋಗ ಗುರುತಿಸಿದ ಬಲಿಪಶುಗಳಿಗೆ 2003ರಲ್ಲಿ ಸರ್ಕಾರ ಕೊಟ್ಟದ್ದು ಒಂದೇ ಸಾರಿ 30,000 ರಾಂಡ್. ನೋವು ಹೇಳಿಕೊಂಡೆವು, ಅವರು ಅತ್ತರು, ನಾವೂ ಅತ್ತೆವು, ಭೂಮಿ ಮಾತ್ರ ಅವರ ಹತ್ತಿರವೇ ಉಳಿಯಿತು ಅಂತ ಅಲ್ಲಿನ ಜನ ಕೇಳ್ತಾರೆ. ಆ ಪ್ರಶ್ನೆ ತಪ್ಪಲ್ಲ.

ಪ್ರಿಯರೇ, ಈಗ ನನ್ನ ಮನೆ ಬಾಗಿಲಿಗೆ ಬರ್ತೀನಿ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ನಮ್ಮ ಸೀಮೆಯದೇ ಒಂದು ಹಳ್ಳಿ, ಹೆಸರು ಬೇಡ. ನಮ್ಮ ಸಭೆಗೆ ಬರ್ತಿದ್ದ ಒಂದು ಮನೆಯ ಹುಡುಗನನ್ನು ನೀರಿನ ವಿಷಯಕ್ಕೆ ಮೇಲಿನ ಕೇರಿಯವರು ಬಡಿಗೆಯಿಂದ ಹೊಡೆದರು. ಬಲಗೈ ಮುರೀತು. ಮಿರಜಿಗೆ ಒಯ್ದು ರಾಡ್ ಹಾಕಿಸಿದರು. ಪೊಲೀಸ್ ಕೇಸ್ ಆಯಿತು. ಮೂರು ವಾರಕ್ಕೆ ಊರ ಹಿರಿಯರು ನನ್ನ ಹತ್ತಿರ ಬಂದರು. ಬಹಳ ಗೌರವದಿಂದ ಮಾತಾಡಿದರು. "ಪಾಸ್ಟರ್ರ, ನೀವು ದೇವರ ಮಂದಿ. ಕ್ಷಮಿಸ್ರಿ ಅಂತ ಕಲಿಸೋರು. ನೀವು ಒಂದ್ ಮಾತ್ ಹೇಳಿದ್ರ ಆಕಿ ಕೇಸ್ ಹಿಂದ ತಗೋತಾಳ. ಊರಾಗ ಶಾಂತಿ ಆಗ್ತೈತಿ."

ನನಗೂ ಖುಷಿ ಆಯಿತು ಅಂತ ಒಪ್ಪಿಕೊಳ್ಳಬೇಕು. ಊರ ಹಿರಿಯರು ಒಬ್ಬ ಪಾಸ್ಟರ್ ಮನೆಗೆ ಬರೋದು ದಿನಾ ಆಗೋ ಮಾತಲ್ಲ. ಆ ಊರಿನಲ್ಲಿ ನಮ್ಮ ಪ್ರಾರ್ಥನೆಗೆ ತೊಂದರೆ ಆಗಬಾರದು ಅಂತಲೂ ಒಳಗೆ ಲೆಕ್ಕ ಇತ್ತು. ಬೈಬಲ್ ತಗೊಂಡು ಆ ತಾಯಿಯ ಮನೆಗೆ ಹೋದೆ. ಏಳೆಪ್ಪತ್ತು ಸಾರಿ ಕ್ಷಮಿಸುವ ಭಾಗ ತೆಗೆದು ಓದಿದೆ. ಆ ತಾಯಿ ಪೂರ್ತಿ ಕೇಳಿದಳು. ಆಮೇಲೆ ಒಂದೇ ಮಾತು ಕೇಳಿದಳು: "ಪಾಸ್ಟರ್ರ, ಹೊಡದಾಂವ ನನ್ನ ಮನಿಗೆ ಬಂದು ಕೇಳೇ ಇಲ್ಲಲ್ಲ. ಅಂವನ ಪರವಾಗಿ ನೀವ್ಯಾಕ ಕೇಳಾಕ ಬಂದೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಿದ್ದರೂ ನಾನು ಬಿಡಲಿಲ್ಲ. ಕೊನೆಗೆ ಆಕೆ ಹೆಬ್ಬೆಟ್ಟು ಒತ್ತಿದಳು. ಎಲ್ಲರೂ ಚಹಾ ಕುಡಿದರು. ಶಾಂತಿ ಆಯಿತು ಅಂದರು. ಆ ಹುಡುಗನ ಕೈ ಇವತ್ತಿಗೂ ಪೂರ್ತಿ ಮೇಲೆ ಏಳೋದಿಲ್ಲ, ಭಾರದ ಕೆಲಸ ಆಗೋದಿಲ್ಲ. ಆ ತಾಯಿ ಮಾರನೇ ತಿಂಗಳಿಂದ ಸಭೆಗೆ ಬರೋದು ನಿಲ್ಲಿಸಿದಳು.

ನಾನು ಮಾಡಿದ್ದು ಸುವಾರ್ತೆಯ ಕೆಲಸ ಅಲ್ಲ, ರಾಜಿ ಪಂಚಾಯಿತಿಯ ಕೆಲಸ. ಯೆರೆಮೀಯ 6:14 ತೆಗೆದು ನೋಡ್ರಿ. ಜನರ ಗಾಯವನ್ನು ಮೇಲೆ ಮೇಲೆ ಒರೆಸಿ, ಸಮಾಧಾನ ಇಲ್ಲದ ಕಡೆ ಸಮಾಧಾನ ಅಂತ ಹೇಳುವ ಪ್ರವಾದಿಗಳ ಮೇಲೆ ದೇವರಿಗೆ ಎಂಥ ಸಿಟ್ಟು ಅಂತ ಅಲ್ಲಿದೆ. ಅದನ್ನು ಓದಿದಾಗಲೆಲ್ಲ ನನಗೆ ಆ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ.

ನಮ್ಮ ರಾಜ್ಯದಲ್ಲಿ ಇದು ಇದಕ್ಕಿಂತ ದೊಡ್ಡದಾಗಿಯೂ ಆಗಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ 7 ಮಂದಿ ದಲಿತರನ್ನು ಜೀವಂತ ಸುಟ್ಟರು. ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿ ನಿಂತರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 7 ಜನ ಸತ್ತರು, ಕಾನೂನಿನ ಲೆಕ್ಕದಲ್ಲಿ ಕೊಂದವರು ಯಾರೂ ಇಲ್ಲ. ಊರು ಮೌನವಾದರೆ ಅದನ್ನು ಶಾಂತಿ ಅಂತ ಕರೀತೀವಿ. ಮಣ್ಣಿನ ಕೆಳಗಿನ ದನಿ ಮಾತ್ರ ಮೌನವಾಗುವುದಿಲ್ಲ ಅಂತ ಆದಿಕಾಂಡ 4 ಹೇಳುತ್ತದೆ.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದಿರುತ್ತೆ. ಪಾಸ್ಟರ್, ಯೇಸುಸ್ವಾಮಿಯೇ ಹೇಳಿದ್ದಾನಲ್ಲ, ನಾವು ಕ್ಷಮಿಸದಿದ್ದರೆ ನಮಗೂ ಕ್ಷಮೆ ಇಲ್ಲ ಅಂತ? ಹೌದು, ಮತ್ತಾಯ 6ರಲ್ಲಿ ಹೇಳಿದ್ದಾನೆ. ನಾನು ಅದನ್ನು ಸಡಿಲ ಮಾಡೋದಿಲ್ಲ. ಆದರೆ ಆ ಮಾತು ಕರ್ತನು ಗಾಯಗೊಂಡವನ ಕಿವಿಯಲ್ಲಿ ಹೇಳುವ ಮಾತು. ಅದನ್ನು ಮೂರನೆಯವನು ಬಡಿಗೆ ಮಾಡಿಕೊಂಡು ಎರಡನೇ ಸಾರಿ ಹೊಡೆಯಲಿ ಅಂತ ಕೊಟ್ಟದ್ದಲ್ಲ. ಶಿಲುಬೆಯ ಮೇಲಿಂದ ಕ್ಷಮೆಯ ಪ್ರಾರ್ಥನೆ ಬಂತು, ಅದೂ ಅವರು ಕೇಳುವ ಮೊದಲೇ ಬಂತು. ಆದರೆ ಯಾರ ಬಾಯಿಂದ ಬಂತು? ಮೊಳೆ ಹೊಡೆಸಿಕೊಂಡವನ ಬಾಯಿಂದ. ಪಿಲಾತ ಅದನ್ನು ಹೇಳಲಿಲ್ಲ. ಕಾಯಫ ಮರಿಯಳ ಹತ್ತಿರ ಹೋಗಿ ಕ್ಷಮಿಸಿಬಿಡಮ್ಮ ಅನ್ನಲಿಲ್ಲ. ಹೇಳಿದ್ದರೆ ಅದು ಎಂಥ ಹೊಲಸು ಮಾತಾಗುತ್ತಿತ್ತು!

ಇನ್ನೊಂದು. ಕ್ಷಮಿಸುವುದು ಬೇರೆ, ಸಾಕ್ಷಿ ಹೇಳದೆ ಇರುವುದು ಬೇರೆ. ಮನಸ್ಸಿನಿಂದ ಸೇಡು ತೆಗೆದುಹಾಕಿ, ಅದೇ ಮನುಷ್ಯನ ವಿರುದ್ಧ ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ಚಿಕಾನೆಯವರ ಕಥೆಯಲ್ಲಿ ಎರಡೂ ಆದವು. ಸತ್ಯ ಮುಚ್ಚಿಟ್ಟರೆ ಹೊಡೆದವನಿಗೂ ಒಳ್ಳೆಯದಲ್ಲ. ಅವನಿಗೆ ಪಶ್ಚಾತ್ತಾಪ ಪಡುವ ಬಾಗಿಲನ್ನೇ ನಾವು ಮುಚ್ಚಿದ ಹಾಗೆ.

ಅದಕ್ಕೇ ಮತ್ತಾಯ 5 ನೋಡ್ರಿ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಾಗ, ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು ಅಂತ ಕರ್ತನು ಹೇಳ್ತಾನೆ. ಹೋಗಬೇಕಾದವರು ಯಾರು? ನೋಯಿಸಿದವನು. ನಾವು ಹಳ್ಳಿಯಲ್ಲಿ ಉಲ್ಟಾ ಮಾಡ್ತೀವಿ, ನೊಂದವನನ್ನು ಕರೆಸಿ ಕೂರಿಸಿ ಒಪ್ಪಿಸ್ತೀವಿ. ಲೂಕ 19ರಲ್ಲಿ ಜಕ್ಕಾಯ ಏನು ಮಾಡಿದ? ಸ್ವಾಮಿ, ನನಗೆ ಕ್ಷಮೆ ಸಿಕ್ಕಿತು, ಸ್ತೋತ್ರ ಅಂತ ಕೂರಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತಗೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಲೆಕ್ಕ ಹೇಳಿದ. ಆಗಲೇ ಯೇಸುಸ್ವಾಮಿ, ಇವತ್ತು ಈ ಮನೆಗೆ ರಕ್ಷಣೆ ಬಂತು ಅಂದ. ರಾಜಿಗೆ ಒಂದು ಹೆಬ್ಬೆಟ್ಟು ಸಾಕು. ಸಮಾಧಾನಕ್ಕೆ ಸತ್ಯ ಬೇಕು, ಹೊಡೆದವನ ಕಾಲು ನಡೆದು ಬರಬೇಕು, ಕೈಯಿಂದ ಏನಾದರೂ ವಾಪಸ್ ಬರಬೇಕು. ಆಮೇಲೆ ಕ್ಷಮೆ. ಅದು ನೊಂದವರು ಕೊಡುವ ಉಡುಗೊರೆ. ಯಾವಾಗ ಕೊಡಬೇಕು ಅನ್ನೋದು ಅವರಿಗೂ ದೇವರಿಗೂ ಬಿಟ್ಟದ್ದು.

ಇನ್ನು ನೀವು ಅನ್ನಬಹುದು, ರುವಾಂಡದಲ್ಲಿ ಕ್ರೈಸ್ತರು ಬಹುಸಂಖ್ಯಾತರು, ನಾವು ಇಲ್ಲಿ ಬೆರಳೆಣಿಕೆ. ನಮ್ಮ ಪ್ರಾರ್ಥನೆಗೇ ಎಷ್ಟೋ ಕಡೆ ಅಡ್ಡಿ ಇದೆ. ನಿಜ. ಆದರೆ ಕಡಿಮೆ ಇದ್ದೀವಿ ಅಂದ ಮಾತ್ರಕ್ಕೆ ಜೇಬಿನಲ್ಲಿ ಆ ಚೀಟಿ ಇಲ್ಲ ಅಂತಲ್ಲ. ನಮ್ಮ ಸಭೆಯಲ್ಲೇ ಮದುವೆ ಮಾತು ಬಂದ ಕೂಡಲೇ, ಮೊದಲು ಯಾವ ಪೈಕಿ ಇದ್ರು ಅಂತ ಕೇಳ್ತೀವೋ ಇಲ್ಲವೋ? 1925ರಲ್ಲಿ ಅಂಬೇಡ್ಕರ್ ಅವರು ನಮ್ಮ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದರು. ನೂರು ವರ್ಷ ಆಯಿತು. ದೀಕ್ಷಾಸ್ನಾನದ ನೀರಿನಲ್ಲಿ ಮುಳುಗಿ ಎದ್ದರೂ ಆ ಚೀಟಿ ನೆನೆದಿಲ್ಲ. ಕನ್ನಡ ಮರಾಠಿ ಮಾತೂ ಹಾಗೇ. ಸಭೆಯಲ್ಲಿ ಎರಡೂ ಭಾಷೆಯಲ್ಲಿ ಹಾಡ್ತೀವಿ. ನವೆಂಬರ್ 1 ಬಂತು ಅಂದರೆ ಅದೇ ಹುಡುಗರ ಸ್ಟೇಟಸ್ ನೋಡಿ ನನಗೆ ಎದೆ ಝಲ್ ಅನ್ನುತ್ತೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ ತುಂಬಿ ಬಂದಾಗ ಎಲ್ಲ ಕೇರಿಯವರೂ ಒಂದೇ ಶಾಲೆಯಲ್ಲಿ ಮಲಗಿ ಒಂದೇ ಪಾತ್ರೆಯ ಅನ್ನ ಉಂಡದ್ದು ನೆನಪಿದೆಯಾ? ನೀರು ಇಳೀತು, ಕೇರಿಗಳು ಮತ್ತೆ ಮೊದಲಿನ ಹಾಗೇ ಆದವು.

ಅದಕ್ಕೆ ಮೂರೇ ಮಾತು ಹೇಳಿ ಮುಗಿಸ್ತೀನಿ.

ಒಂದು, ರುವಾಂಡದ ರೇಡಿಯೋ ಮಾಡಿದ ಕೆಲಸ ನಿಮ್ಮ ಮೊಬೈಲ್ ಮಾಡದಿರಲಿ. ಯಾವ ಜನರನ್ನಾದರೂ ಹುಳ, ಪ್ರಾಣಿ ಅಂತ ಕರೆಯುವ ಮೆಸೇಜ್ ಬಂದರೆ ಅದು ನಿಮ್ಮ ಹತ್ತಿರವೇ ಸಾಯಲಿ. ಆ ಜನರು ನಮಗೆ ಆಗದವರಾಗಿದ್ದರೂ ಸರಿ.

ಎರಡು, ಹುಟುಗಳು ಒಂದು ಕಡೆ ಟುಟ್ಸಿಗಳು ಒಂದು ಕಡೆ ಅಂತ ಯಾರಾದರೂ ಕೂಗಿದಾಗ, ಆ ನ್ಯಾಂಗೆ ಮಕ್ಕಳ ಹಾಗೆ ಬೇರೆಯಾಗದೆ ನಿಲ್ಲುವುದನ್ನು ಈಗಲೇ ಅಭ್ಯಾಸ ಮಾಡ್ರಿ. ಮದುವೆಯಲ್ಲಿ, ಊಟದಲ್ಲಿ, ಹಾಸ್ಟೆಲ್ ರೂಮಿನಲ್ಲಿ. ಆ ಮಕ್ಕಳು ಆ ಒಂದು ರಾತ್ರಿ ದಿಢೀರ್ ಅಂತ ಹಾಗೆ ನಿಂತಿರಲಿಕ್ಕಿಲ್ಲ. ಅದಕ್ಕೂ ಮೊದಲು ಎಷ್ಟೋ ದಿನ ಒಂದೇ ಬೆಂಚಿನ ಮೇಲೆ ಕುಳಿತಿದ್ದರು.

ಮೂರು, ಯಾವತ್ತಾದರೂ ಯಾರಾದರೂ ನಿಮ್ಮನ್ನು ಕರೆದು, ನೀವು ಕ್ರೈಸ್ತರು, ನೊಂದವರಿಗೆ ಸ್ವಲ್ಪ ಹೇಳ್ರಿ ಅಂದರೆ, ಮೊದಲು ಹೊಡೆದವನ ಮನೆಗೆ ಹೋಗ್ರಿ. ನಾನು ಅವತ್ತು ಹೋಗಬೇಕಾಗಿದ್ದ ಮನೆ ಅದು.

ತಂಗಿಗೆ ನಾನು ಕೊನೆಗೆ ಉತ್ತರ ಕೊಟ್ಟೆ. ಸಭೆಯನ್ನು ಕಣ್ಣು ಮುಚ್ಚಿ ನಂಬಬೇಡ, ಅದು ಕಟಕಟೆಯಲ್ಲಿ ನಿಂತಿದೆಯಾ ಅಂತ ಮೊದಲು ನೋಡು. ನಿಂತಿದ್ದರೆ, ಅದು ಹೇಳುವ ಕ್ಷಮೆಯ ಮಾತನ್ನು ಕೇಳಬಹುದು ಅಂತ. ಆ ಉತ್ತರ ಕಳಿಸುವ ಮೊದಲು ಆ ಹಳ್ಳಿಗೆ ಹೋದೆ. ಈ ಸಾರಿ ಬೈಬಲ್ ತೆಗೆಯಲಿಲ್ಲ. ಅವ್ವಾ, ಅವತ್ತು ನಾನು ತಪ್ಪು ಮಾಡಿದೆ, ನಿನ್ನ ಮಗನ ಕೈಗಿಂತ ನನ್ನ ಪ್ರಾರ್ಥನಾ ಕೂಟ ನನಗೆ ದೊಡ್ಡದಾಯಿತು ಅಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಕ್ಷಮಿಸಿದೆ ಅನ್ನಲಿಲ್ಲ. "ಕುಂಡ್ರಿ, ಚಾ ಮಾಡ್ತೀನಿ" ಅಂದಳು. ಮಗ ಹೊರಗಿಂದ ಬಂದು, ಎಡಗೈಯಿಂದಲೇ ನನಗೆ ಕುರ್ಚಿ ಎಳೆದು ಹಾಕಿದ. ನಾನು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕೇಳುವ ಅಧಿಕಾರ ನನಗಿಲ್ಲ. ಅವನಿಗೆ ಕೂತು ಮಾಡುವ ಒಂದು ಕೆಲಸ ಹುಡುಕುವುದರಲ್ಲಿ ಇದ್ದೇನೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಕೂಟ ಮುಗಿದ ಮೇಲೆ ಬಂದು ಹೇಳ್ರಿ.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ.

ಪರಲೋಕದ ತಂದೆಯೇ, ಹೇಬೆಲನ ರಕ್ತದ ದನಿಯನ್ನು ಕೇಳಿದ ದೇವರೇ, ನಾವು ಕೇಳಿಸಿಕೊಳ್ಳದೆ ದಾಟಿ ಹೋದ ದನಿಗಳನ್ನು ನಮಗೆ ಕೇಳಿಸು. ನಾವು ಹೋಗಬೇಕಾದ ಮನೆಯನ್ನು ನೆನಪಿಗೆ ತಾ. ಅಲ್ಲಿಗೆ ಹೋಗುವ ಧೈರ್ಯ ಕೊಡು. ಬಾಯಿಂದ ಒಪ್ಪಿಕೊಂಡದ್ದನ್ನು ಕೈಯಿಂದ ತೀರಿಸುವ ಮನಸ್ಸು ಕೊಡು. ನೊಂದವರನ್ನು ನೀನೇ ಹಿಡಿದುಕೋ, ಅವರನ್ನು ನಾವು ಅವಸರ ಮಾಡದ ಹಾಗೆ ನಮ್ಮನ್ನು ತಡೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.